ಬಿಡಿಭಾಗಗಳ ರಾಶಿ ಕಾರಾಗುವುದು ಯಾವಾಗ?

1957ರಲ್ಲಿ ಇಂಗ್ಲೆಂಡಿನ ಲೋಟಸ್ ಎಂಬ ಪುಟ್ಟ ಕಂಪನಿಯು ‘ಸೆವೆನ್’ ಎಂಬ ಹೆಸರಿನ ಸ್ಪೋರ್ಟ್ಸ್ ಕಾರೊಂದನ್ನು ಹೊರತಂದಿತು. ಇಬ್ಬರೇ ಕುಳಿತುಕೊಳ್ಳಬಹುದಾದ, ಗಟ್ಟಿ ಮಾಡಿನ ಮಾತೇ ಇಲ್ಲದ ಆ ಕಾರಿಗೆ ಎರಡು ಬೆಲೆಗಳಿದ್ದವು. ಓಡಿಸಲು ಸಿದ್ಧವಾಗಿದ್ದುದಕ್ಕೆ ತೆರಿಗೆಯೂ ಸೇರಿ 1,036 ಪೌಂಡ್. ಅದೇ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳುವುದಾದರೆ 536 ಪೌಂಡ್. ಬಹುಪಾಲು ಹೆಣ್ಣುಗಂಡುಗಳ ವಾರದ ಸಂಪಾದನೆ ಹತ್ತಾರು ಪೌಂಡುಗಳನ್ನು ಮೀರದಿದ್ದ ಕಾಲದಲ್ಲಿ 500 ಪೌಂಡುಗಳ ಈ ಅಂತರ ಸಾಮಾನ್ಯವಾದುದಲ್ಲ.

ಅಂತರಕ್ಕೆ ಮುಖ್ಯ ಕಾರಣ ಎಂಜಿನಿಯರಿಂಗ್ ಅಲ್ಲ, ಕಾನೂನು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1940ರಲ್ಲಿ, ಬ್ರಿಟನ್ ಸರಕಾರವು ಅನಿವಾರ್ಯವಲ್ಲದ ವಸ್ತುಗಳ ಮೇಲೆ ‘ಪರ್ಚೇಸ್ ಟ್ಯಾಕ್ಸ್’ ಎಂಬ ತೆರಿಗೆಯನ್ನು ಹೇರಿತ್ತು. ಯುದ್ಧ ಮುಗಿದರೂ ತೆರಿಗೆ ಮುಗಿಯಲಿಲ್ಲ. ತೆರಿಗೆಗಳ ಸ್ವಭಾವವೇ ಹಾಗೆ. ಸಿದ್ಧವಾದ ಕಾರು ಈ ತೆರಿಗೆಗೆ ಒಳಪಡುತ್ತಿತ್ತು. ಗಿರಾಕಿಯು ತಾನೇ ಜೋಡಿಸಿಕೊಳ್ಳಲೆಂದು ಕೊಂಡ ಬಿಡಿಭಾಗಗಳು ಒಳಪಡುತ್ತಿರಲಿಲ್ಲ. ಹಾಗಾದರೆ ಒಂದು ಕಾರಿಗೆ ಬೇಕಾದ ಎಲ್ಲ ಭಾಗಗಳನ್ನೂ ಒಬ್ಬನಿಗೇ ಒಟ್ಟಿಗೆ ಮಾರಿದರೆ ಅದು ಕಾರೋ, ಭಾಗಗಳ ರಾಶಿಯೋ? ಜೊತೆಗೆ ಜೋಡಣೆಯ ಕೈಪಿಡಿಯನ್ನೂ ಕೊಟ್ಟರೆ ಅದು ಕಾರೇ ಆಗುತ್ತದೆ ಎಂಬುದು ನಿಯಮವಾಗಿತ್ತು. ಲೋಟಸ್ ಕಂಪನಿ ಇದಕ್ಕೆ ಕಂಡುಕೊಂಡ ಉಪಾಯ ಇಂದಿಗೂ ಕಾರುಪ್ರಿಯರ ನಡುವೆ ನಗೆಯ ವಸ್ತು. ಅವರು ಜೋಡಿಸುವ ಕೈಪಿಡಿಯನ್ನು ಕೊಡಲೇ ಇಲ್ಲ. ಕಾರನ್ನು ಬಿಚ್ಚುವುದು ಹೇಗೆಂಬ ಕೈಪಿಡಿಯನ್ನು ಕೊಟ್ಟರು. ಗಿರಾಕಿಯು ಅದನ್ನು ಕೊನೆಯ ಪುಟದಿಂದ ಮೊದಲ ಪುಟದತ್ತ ಓದಿಕೊಂಡು ಹೋದರೆ ಸಾಕಿತ್ತು.

ಕಾನೂನು ಬಲ್ಲವರಿಗೆ ಈ ಪ್ರಶ್ನೆ ಹಾಸ್ಯವಷ್ಟೇ ಅಲ್ಲ. ನಮ್ಮ ದೇಶದ 1975ರ ಸುಂಕದ ಕಾಯಿದೆಯ ಅನುಸೂಚಿಯಲ್ಲಿರುವ ವ್ಯಾಖ್ಯಾನ ನಿಯಮವು, ವಸ್ತುವನ್ನು ಬಿಚ್ಚಿ ಬಿಡಿಬಿಡಿಯಾಗಿ ತಂದರೂ ಅದನ್ನು ಪೂರ್ಣ ವಸ್ತುವಿನ ಸಾಲಿನಲ್ಲೇ ಸೇರಿಸುತ್ತದೆ. 1988ರ ಮೋಟಾರು ವಾಹನ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೇಲ್ಮೈಯ ಕವಚವನ್ನೇ ಕೂರಿಸದ ಬರಿಯ ಚಾಸಿಸ್ಸನ್ನೂ ‘ಮೋಟಾರು ವಾಹನ’ ಎಂಬ ಮಾತಿನ ಅರ್ಥದೊಳಗೆ ತಂದಿದೆ. ಲೋಟಸ್ಸಿನ ಜಾಣತನ ಇಲ್ಲಿ ಹೆಚ್ಚು ದೂರ ಓಡುತ್ತಿರಲಿಲ್ಲ.

ಆದರೆ ತೆರಿಗೆ ಉಳಿಸಲೆಂದೇ ಜನ ಕಾರು ಕಟ್ಟಿದರು ಎಂದರೆ ಅರ್ಧ ಸತ್ಯವಾದೀತು. ಬ್ರಿಟನ್ನಿನಲ್ಲಿ 1973ರಲ್ಲಿ ಪರ್ಚೇಸ್ ಟ್ಯಾಕ್ಸ್ ರದ್ದಾಗಿ ಮೌಲ್ಯವರ್ಧಿತ ತೆರಿಗೆ ಬಂತು. ಬಿಡಿಭಾಗಗಳ ಮೇಲಿನ ವಿನಾಯಿತಿ ಅಲ್ಲಿಗೆ ತೀರಿತು. ಲೋಟಸ್ ಆ ಮಾದರಿಯನ್ನೇ ಕೈಬಿಟ್ಟು ಹಕ್ಕುಗಳನ್ನು ಕೇಟರ್‌ಹ್ಯಾಮ್ ಎಂಬ ಮಾರಾಟಗಾರ ಸಂಸ್ಥೆಗೆ ಕೊಟ್ಟಿತು. ವಿಚಿತ್ರವೆಂದರೆ ಕೇಟರ್‌ಹ್ಯಾಮ್ ಅದೇ ಆಕಾರದ ಸೆವೆನ್ ಕಾರನ್ನು ಪೆಟ್ಟಿಗೆಗಳಲ್ಲಿ ತುಂಬಿ ಮಾರುತ್ತಲೇ ಇದೆ. ಸುಮಾರು ನೂರು ಗಂಟೆಗಳ ಕೆಲಸವೆಂಬ ಲೆಕ್ಕ. ಲಾಭವಿಲ್ಲದ ಮೇಲೂ ಜನ ಆ ಪೆಟ್ಟಿಗೆಗಳನ್ನು ಕೊಳ್ಳುತ್ತಿರುವುದೇಕೆ?

ಅದಕ್ಕೆ ಉತ್ತರವನ್ನು ಇನ್ನೂ ಹಿಂದಿನ, ಇನ್ನೂ ಚಿಕ್ಕ ಕಾರೊಂದರಲ್ಲಿ ಹುಡುಕಬೇಕು. 1922ರಲ್ಲಿ ಹರ್ಬರ್ಟ್ ಆಸ್ಟಿನ್ ಎಂಬ ಉದ್ಯಮಿ ‘ಆಸ್ಟಿನ್ ಸೆವೆನ್’ ಎಂಬ ಅಗ್ಗದ ಕಾರನ್ನು ತಂದ. ಅದರ ನಕ್ಷೆಗಳನ್ನು ಬಿಡಿಸಿಕೊಟ್ಟವನು ಸ್ಟ್ಯಾನ್ಲಿ ಎಜ್ ಎಂಬ 18 ವರ್ಷದ ತರುಣ. 1939ರ ವೇಳೆಗೆ ಸುಮಾರು 2,90,000 ಕಾರುಗಳು ತಯಾರಾಗಿದ್ದವು. ಯುದ್ಧಾನಂತರ ಹಳತಾದ ಆಸ್ಟಿನ್‌ಗಳು ಗುಜರಿಯ ಬೆಲೆಗೆ ಸಿಗತೊಡಗಿದಾಗ, ಹೊಸ ಕಾರು ಕೊಳ್ಳಲಾಗದ ಹುಡುಗರು ಅವುಗಳ ಕವಚವನ್ನು ಕಿತ್ತೆಸೆದು, ಕೆಳಗಿನ ಚೌಕಟ್ಟಿನ ಮೇಲೆ ತಮ್ಮದೇ ಕಲ್ಪನೆಯ ಹಗುರವಾದ ಕಾರುಗಳನ್ನು ಕಟ್ಟಿದರು. ಇವಕ್ಕೆ ‘ಸ್ಪೆಷಲ್’ ಎಂದು ಹೆಸರು.

ಅಂಥ ಹುಡುಗರಲ್ಲಿ ಒಬ್ಬ ಕಾಲಿನ್ ಚಾಪ್‌ಮನ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ ರಚನೆಯ ಎಂಜಿನಿಯರಿಂಗ್ ಓದುತ್ತಿದ್ದ ಆತ ಬಿಡುವಿನಲ್ಲಿ ಹಳೆಯ ಕಾರುಗಳ ವ್ಯಾಪಾರ ಮಾಡುತ್ತಿದ್ದ. 1947ರಲ್ಲಿ ಸರಕಾರ ಖಾಸಗಿ ವಾಹನಗಳ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿದಾಗ ಕಾರುಗಳ ಬೆಲೆ ಕುಸಿದು ವ್ಯಾಪಾರ ಮುಳುಗಿತು. ಮಾರಾಟವಾಗದೆ ಉಳಿದದ್ದು ಒಂದು ಹಳೆಯ ಆಸ್ಟಿನ್ ಸೆವೆನ್. ಗೆಳತಿ ಹೇಝೆಲ್ ವಿಲಿಯಮ್ಸ್‌ಳ ತಂದೆತಾಯಿಯರ ಮನೆಯ ಹಿಂದಿನ ಗ್ಯಾರೇಜಿನಲ್ಲಿ 1948ರಲ್ಲಿ ಆತ ಅದನ್ನು ಬಿಚ್ಚಿ, ಅಲ್ಯೂಮಿನಿಯಂ ಹೊದಿಸಿದ ಪ್ಲೈವುಡ್ಡಿನಿಂದ ಹೊಸ ಮೈ ಕಟ್ಟಿದ. ಅದೇ ಮೊದಲ ಲೋಟಸ್. 1952ರಲ್ಲಿ ಕಂಪನಿ ಸ್ಥಾಪಿಸಲು ಹೇಝೆಲ್ 25 ಪೌಂಡ್ ಸಾಲ ಕೊಟ್ಟಳು; ಮುಂದೆ ಆಕೆ ಅವನ ಪತ್ನಿಯಾದಳು. ಹಳೆಯ ಕಾರು ಖರ್ಚಾಗದೆ ಉಳಿದ ಗ್ಯಾರೇಜಿನಿಂದ ಹೊರಟ ಆ ಹೆಸರು ಮುಂದೆ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಏಳು ಬಾರಿ ತಯಾರಕರ ವಿಶ್ವ ಪ್ರಶಸ್ತಿಯನ್ನು ಗೆದ್ದಿತು. ಆತನ ಬದುಕಿನ ಕೊನೆಯ ಅಧ್ಯಾಯ ಅಷ್ಟು ನಿರ್ಮಲವಾದುದಲ್ಲ. ಡೆಲೋರಿಯನ್ ಕಾರಿನ ಯೋಜನೆಯ ಹಣ ದುರ್ಬಳಕೆಯಾದ ಪ್ರಕರಣದಲ್ಲಿ ಆತನ ಹೆಸರೂ ಕೇಳಿಬಂತು. ನ್ಯಾಯಾಲಯದ ಮುಂದೆ ಬರುವ ಮೊದಲೇ, 1982ರಲ್ಲಿ, ಆತ ತೀರಿಕೊಂಡಿದ್ದ. ಮಕ್ಕಳಿಗೆ ಆದರ್ಶ ಪುರುಷನೆಂದು ತೋರಿಸುವುದಕ್ಕಿಂತ ಅವನ ಗ್ಯಾರೇಜನ್ನು ತೋರಿಸುವುದು ಲೇಸು.

ಇನ್ನೊಬ್ಬ ಹುಡುಗನ ಕತೆ ಶಾಲೆಗಳಿಗೆ ಹೆಚ್ಚು ಹತ್ತಿರದ್ದು. ಜಾನ್ ಹೇನ್ಸ್ ಹುಟ್ಟಿದ್ದು 1938ರಲ್ಲಿ, ಆಗಿನ ಸಿಲೋನಿನಲ್ಲಿ. ತಂದೆಗೆ ಅಲ್ಲಿನ ಚಹಾ ತೋಟವೊಂದರಲ್ಲಿ ಉದ್ಯೋಗ. ಇಂಗ್ಲೆಂಡಿನ ಸಟನ್ ವೇಲೆನ್ಸ್ ಎಂಬ ವಸತಿ ಶಾಲೆಯಲ್ಲಿ ಓದುತ್ತಿದ್ದಾಗ, ರಗ್ಬಿ ಆಟದಿಂದ ತನಗೆ ವಿನಾಯಿತಿ ಕೊಟ್ಟರೆ ಆ ಹೊತ್ತಿನಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಸ್ಪೆಷಲ್ ಆಗಿ ಬದಲಾಯಿಸುವೆನೆಂದು ಆತ ಶಾಲೆಯವರನ್ನು ಒಪ್ಪಿಸಿದ. ಒಪ್ಪಿದ ಅಧ್ಯಾಪಕರ ಧೈರ್ಯ ಮೆಚ್ಚತಕ್ಕದ್ದು. ಕೆಲಸ ಮುಗಿದ ಮೇಲೆ, ತಾನು ಮಾಡಿದ್ದನ್ನು ಬೇರೆಯವರೂ ಮಾಡಲು ಅನುಕೂಲವಾಗುವಂತೆ ಚಿತ್ರಗಳ ಸಹಿತ ಒಂದು ಕಿರುಪುಸ್ತಿಕೆ ಬರೆದ. ಅಚ್ಚಾದ 250 ಪ್ರತಿಗಳು ಹತ್ತು ದಿನಗಳಲ್ಲಿ ಖರ್ಚಾದವು. 1966ರಲ್ಲಿ ಅವನ ಪ್ರಕಾಶನದ ಮೊದಲ ದುರಸ್ತಿ ಕೈಪಿಡಿ ಬಂತು. ಒಂದು ಕಾರನ್ನು ಪೂರ್ತಿಯಾಗಿ ಬಿಚ್ಚಿ ಮತ್ತೆ ಜೋಡಿಸಿದ ಅನುಭವದ ಮೇಲೆಯೇ ಬರೆಯಬೇಕೆಂಬುದು ಆ ಪುಸ್ತಕಗಳ ಕಟ್ಟಳೆ. ಬೋಲ್ಟಿನ ಹೆಸರು ಗೊತ್ತಿಲ್ಲದವನೂ ಚಿತ್ರ ನೋಡಿ, ಸರಳ ವಾಕ್ಯ ಓದಿ, ಕೈ ಹಾಕಬಲ್ಲವನಾದ. ತಾಯ್ನುಡಿಯಲ್ಲಿ ಹೀಗೆ ಬರೆದ ಒಂದು ಪುಸ್ತಕ ಕೈಯಲ್ಲಿದ್ದರೆ ಹದಿನಾರರ ಹುಡುಗನಿಗಾಗಲಿ ಹುಡುಗಿಗಾಗಲಿ ಏನೆಲ್ಲ ಸಾಧ್ಯ ಎಂಬುದನ್ನು ಕನ್ನಡ ಶಾಲೆಗಳ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವವರು ಒಮ್ಮೆ ಯೋಚಿಸಬೇಕು.

ಅದೇ ಹೇನ್ಸ್ ಪ್ರಕಾಶನ 1996ರಲ್ಲಿ ಹೊರತಂದ ಇನ್ನೊಂದು ಪುಸ್ತಕವೂ ಶಾಲೆಯ ಹಿನ್ನೆಲೆಯದು. ಔಂಡಲ್ ಶಾಲೆಯ ಅಧ್ಯಾಪಕ ರಾನ್ ಚಾಂಪಿಯನ್, 250 ಪೌಂಡುಗಳಷ್ಟು ಅಲ್ಪ ಖರ್ಚಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಅದರಲ್ಲಿ ವಿವರಿಸಿದ. ಕೇಟರ್‌ಹ್ಯಾಮಿನ ಪೆಟ್ಟಿಗೆಯನ್ನೂ ಕೊಳ್ಳಲಾಗದವರಿಗಾಗಿ, ಕಬ್ಬಿಣದ ಕೊಳವೆಗಳಿಂದಲೇ ಆರಂಭಿಸುವ ದಾರಿ ಅದು. ಈ ಕಾರುಗಳಿಗೆ ‘ಲೋಕಾಸ್ಟ್’ ಎಂಬ ಹೆಸರು ನಿಂತಿತು. ನಿಜ ಹೇಳಬೇಕೆಂದರೆ ಆ ಮೊತ್ತದಲ್ಲಿ ಮುಗಿಸಿದವರು ವಿರಳ. ಮನೆ ಕಟ್ಟುವವರ ಅಂದಾಜುಪಟ್ಟಿಯಂತೆಯೇ ಇದೂ.

ಕೆಲಸದ ಕ್ರಮವನ್ನು ತುಸು ಬಿಡಿಸಿ ಹೇಳಬೇಕು. ಒಂದು ಅಂಗುಲದ, ಒಂದೂವರೆ ಮಿಲಿಮೀಟರಿಗಿಂತ ತುಸು ದಪ್ಪದ ಗೋಡೆಯ ಚೌಕ ಕೊಳವೆಗಳನ್ನು ಅಳತೆಗೆ ಕತ್ತರಿಸಬೇಕು. ದೊಡ್ಡ ಹಲಗೆಯೊಂದರ ಮೇಲೆ ಚಾಸಿಸ್ಸಿನ ಅಡಿಭಾಗವನ್ನು ಪೂರ್ಣ ಅಳತೆಯಲ್ಲಿ ಗೆರೆ ಎಳೆದು, ಕೊಳವೆಗಳನ್ನು ಆ ಗೆರೆಗಳ ಮೇಲಿಟ್ಟು, ಮೊದಲು ಚುಕ್ಕೆ ವೆಲ್ಡಿಂಗ್ ಮಾತ್ರ ಮಾಡಬೇಕು. ಅವಸರದಲ್ಲಿ ಒಂದೇ ಕಡೆ ಪೂರ್ತಿ ವೆಲ್ಡ್ ಮಾಡಿದರೆ ಶಾಖಕ್ಕೆ ಲೋಹ ಹಿಗ್ಗಿ, ತಣಿದಾಗ ಸೆಳೆದು, ಚೌಕಟ್ಟು ತಿರುಚಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಹಂತದಲ್ಲೂ ಎರಡು ಕರ್ಣಗಳನ್ನು ಅಳೆದು ನೋಡಬೇಕು. ಆಯತದ ಕರ್ಣಗಳು ಸಮವಾಗಿರುತ್ತವೆ ಎಂದು ಪ್ರೌಢಶಾಲೆಯಲ್ಲಿ ಕಲಿತ ಪಾಠ ಇಲ್ಲಿ ಪರೀಕ್ಷೆಗೆ ಬರುತ್ತದೆ. ಕೊಳವೆಗಳು ತ್ರಿಕೋನಗಳಾಗಿ ಕೂಡಿಕೊಳ್ಳುವುದರಿಂದ ಬಲ ಬರುತ್ತದೆ: ಕಬ್ಬಿಣದ ಸೇತುವೆಗಳಲ್ಲೂ ಶಾಲೆಯ ಮಾಡಿನ ಕೈಮರಗಳಲ್ಲೂ ಕಾಣುವ ಅದೇ ತ್ರಿಕೋನ.

ಇನ್ನುಳಿದುದಕ್ಕೆ ‘ದಾನಿ’ ಕಾರೊಂದು ಬೇಕು. ಚಾಂಪಿಯನ್‌ನ ಕ್ರಮದಲ್ಲಿ ಅದು ಹಳೆಯ ಫೋರ್ಡ್ ಎಸ್ಕಾರ್ಟ್. ಎಂಜಿನ್, ಗಿಯರ್ ಪೆಟ್ಟಿಗೆ, ಹಿಂದಿನ ಅಚ್ಚು, ಸ್ಟಿಯರಿಂಗ್, ಬ್ರೇಕ್ ಎಲ್ಲವೂ ತುಕ್ಕು ಹಿಡಿದ ಆ ಒಂದೇ ದೇಹದಿಂದ ಬರುತ್ತವೆ. ಉದ್ದ ಕಡಿಮೆಯಾದ ಕಾರಣ ಎಂಜಿನ್ನಿನಿಂದ ಹಿಂದಿನ ಅಚ್ಚಿಗೆ ಶಕ್ತಿ ಒಯ್ಯುವ ದಂಡವನ್ನು ಕತ್ತರಿಸಿ ಗಿಡ್ಡಗೊಳಿಸಬೇಕು. ಅದು ಮಾತ್ರ ಪರಿಣತರ ಕೆಲಸ. ಅಲ್ಯೂಮಿನಿಯಂ ಹಾಳೆಯನ್ನು ಬಗ್ಗಿಸಿ ರಿವೆಟ್ ಹೊಡೆಯುವುದು, ಬ್ರೇಕಿನ ಕೊಳವೆಗಳಿಂದ ಗಾಳಿಯನ್ನು ಹನಿಹನಿಯಾಗಿ ಹೊರದೂಡುವುದು, ವಿದ್ಯುತ್ ತಂತಿಗಳ ಗೋಜಲನ್ನು ಬಿಡಿಸುವುದು, ಇವೆಲ್ಲ ತಿಂಗಳುಗಳ ಸಂಜೆಗಳನ್ನು ನುಂಗುತ್ತವೆ. ಅರ್ಧಕ್ಕೆ ನಿಂತ ಕಾರುಗಳು ಬ್ರಿಟನ್ನಿನ ಗ್ಯಾರೇಜುಗಳಲ್ಲಿ ಬಟ್ಟೆ ಹೊದ್ದು ಮಲಗಿರುವುದೂ, ಕೊನೆಗೆ ಇನ್ನೊಬ್ಬರ ಪಾಲಾಗುವುದೂ ಹೊಸತಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಕಟ್ಟಿದ ಕಾರು ವೇಗದಲ್ಲಿ ಮೊದಲನೆಯದೇ? ಅಲ್ಲ. ಮೊದಲ ಸೆವೆನ್‌ನಲ್ಲಿದ್ದುದು 1,172 ಸಿಸಿಯ ಫೋರ್ಡ್ ಎಂಜಿನ್. ಶಕ್ತಿ 40 ಅಶ್ವಶಕ್ತಿ. ಗಂಟೆಗೆ 130 ಕಿಲೋಮೀಟರಿನ ಆಸುಪಾಸಿನಲ್ಲಿ ಅದರ ಉಸಿರು ಮುಗಿಯುತ್ತಿತ್ತು. ನಾಲ್ಕು ವರ್ಷಗಳ ಬಳಿಕ, 1961ರಲ್ಲಿ, ಜಾಗ್ವಾರ್ ಕಂಪನಿಯ ಇ-ಟೈಪ್ ಬಂತು: 265 ಅಶ್ವಶಕ್ತಿ, ಗಂಟೆಗೆ 240 ಕಿಲೋಮೀಟರ್, ಬೆಲೆ 2,000 ಪೌಂಡಿಗಿಂತ ತುಸು ಹೆಚ್ಚು. ಹಣವಿದ್ದವನು ಅದನ್ನು ಕೊಂಡರೆ ಒಂದೇ ದಿನದಲ್ಲಿ ವೇಗ ಅವನದಾಗುತ್ತಿತ್ತು. ಸೆವೆನ್ ಕಟ್ಟಿದವನಿಗೆ ಸಿಕ್ಕಿದ್ದು ಬೇರೆ.

ಆ ಬೇರೆಯದರ ಒಂದು ಭಾಗ ಭೌತವಿಜ್ಞಾನ. ಮೊದಲ ಸೆವೆನ್‌ನ ತೂಕ ಅರ್ಧ ಟನ್ನಿನ ಒಳಗಿತ್ತು. ನಮ್ಮ ರಸ್ತೆಗಳು ಬಲ್ಲ ಮಾರುತಿ 800 ಕಾರೇ ಸುಮಾರು 650 ಕಿಲೋ ತೂಗುತ್ತಿತ್ತು. ತಿರುವಿನಲ್ಲಿ ಕಾರನ್ನು ಹೊರಕ್ಕೆ ಜಾರದಂತೆ ಹಿಡಿದಿಡಲು ಬೇಕಾದ ಬಲವೂ, ನಿಲ್ಲಿಸಲು ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿಯೂ ದ್ರವ್ಯರಾಶಿಗೆ ಅನುಪಾತದಲ್ಲಿರುತ್ತವೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿದರೆ ನೇರ ದಾರಿಯಲ್ಲಿ ವೇಗ ಹೆಚ್ಚುತ್ತದೆ. ತೂಕ ಕಳೆದರೆ ಹೊರಡುವಾಗ, ತಿರುಗುವಾಗ, ನಿಲ್ಲುವಾಗ ಎಲ್ಲೆಡೆಯೂ ಲಾಭ. ಚಾಪ್‌ಮನ್‌ನ ಇಡೀ ಬದುಕಿನ ಸೂತ್ರ ಇದು. ಕೇಟರ್‌ಹ್ಯಾಮ್ 2021ರಲ್ಲಿ ತಂದ ‘170’ ಎಂಬ ಮಾದರಿಯಲ್ಲಿರುವುದು 660 ಸಿಸಿಯ ಸುಝುಕಿ ಎಂಜಿನ್ ಮಾತ್ರ. ಕಾರಿನ ತೂಕ 440 ಕಿಲೋ. ಅದರಲ್ಲಿ ಕುಳಿತವರ ಕೈ ರಸ್ತೆಯನ್ನು ಮುಟ್ಟುವಷ್ಟು ತಗ್ಗಿನಲ್ಲಿರುತ್ತದೆ. ಗಂಟೆಗೆ 60 ಕಿಲೋಮೀಟರಿನ ಓಟವೂ ಅಲ್ಲಿಂದ ಸಾಹಸದಂತೆ ತೋರುತ್ತದೆ. ಮಳೆ ಬಂದರೆ ನೆನೆಯಬೇಕು, ಅಪಘಾತದಲ್ಲಿ ಗಾಳಿಚೀಲದ ರಕ್ಷಣೆಯಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಇನ್ನೊಂದು ಭಾಗ ಅರಿವಿನದು. ಕೊಂಡ ಕಾರಿನಲ್ಲಿ ಸದ್ದೊಂದು ಬಂದರೆ ಒಡೆಯನು ಸರ್ವಿಸ್ ಕೇಂದ್ರಕ್ಕೆ ಫೋನು ಮಾಡುತ್ತಾನೆ. ಕಟ್ಟಿದ ಕಾರಿನಲ್ಲಿ ಬಂದರೆ ಯಾವ ಬೋಲ್ಟನ್ನು ಯಾವ ಸಂಜೆ ಬಿಗಿದಿದ್ದೆ ಎಂದು ನೆನಪಿಸಿಕೊಳ್ಳುತ್ತಾನೆ. ಬ್ರೇಕಿನ ಪೆಡಲಿನ ಮೇಲೆ ಮೊದಲ ಬಾರಿ ಕಾಲಿಡುವಾಗ ಅವನಿಗಿರುವ ಭಯ ಆರೋಗ್ಯಕರವಾದುದು. ಆ ಕೊಳವೆಯನ್ನು ಜೋಡಿಸಿದವನು ತಾನೇ ಎಂದು ಅವನಿಗೆ ಗೊತ್ತು.

ಹೀಗೆ ಮನೆಯಲ್ಲಿ ಕಟ್ಟಿದ ವಾಹನವನ್ನು ಸಾರ್ವಜನಿಕ ರಸ್ತೆಗೆ ಬಿಡುವುದು ಹೇಗೆ? ಬ್ರಿಟನ್ ಬೇಡವೆನ್ನಲಿಲ್ಲ, ಪರೀಕ್ಷೆ ಇಟ್ಟಿತು. 1998ರಿಂದ ಏಕ ವಾಹನ ಅನುಮೋದನೆಯ ಪದ್ಧತಿ ಬಂತು, 2009ರಿಂದ ಇನ್ನೂ ಬಿಗಿಯಾದ ಈಗಿನ ಪದ್ಧತಿ. ವಾಹನವನ್ನು ವ್ಯಾಪಾರಕ್ಕಲ್ಲದೆ ಸ್ವಂತಕ್ಕಾಗಿ ಕಟ್ಟಿದ್ದೇನೆಂದು ಅರ್ಜಿದಾರನು ಚಿತ್ರಗಳು, ರಸೀದಿಗಳ ಸಹಿತ ತೋರಿಸಬೇಕು. ಸರಕಾರಿ ಪರೀಕ್ಷಕನು ಬ್ರೇಕು, ಸೀಟುಪಟ್ಟಿಯ ಆಧಾರಗಳು, ಕನ್ನಡಿ, ದೀಪ, ಸದ್ದು, ಹೊಗೆ ಎಲ್ಲವನ್ನೂ ನೋಡುತ್ತಾನೆ. ಪಾದಚಾರಿಗೆ ತಾಗಬಹುದಾದ ಹೊರ ಅಂಚುಗಳು 2.5 ಮಿಲಿಮೀಟರಿಗಿಂತ ಹರಿತವಾಗಿ ತಿರುಗಿರಬಾರದೆಂಬಷ್ಟು ಸೂಕ್ಷ್ಮ. ಉತ್ತೀರ್ಣವಾದರೆ ನೋಂದಣಿ, ಹಲವು ಕಾರುಗಳ ಭಾಗಗಳು ಸೇರಿ ವಯಸ್ಸು ಹೇಳಲಾಗದಂತಿದ್ದರೆ ‘ಕ್ಯೂ’ ಅಕ್ಷರದ ಫಲಕ. ಹವ್ಯಾಸಿಗಳು ಪರೀಕ್ಷೆಯನ್ನು ಶಪಿಸುತ್ತಾರೆ, ಆದರೂ ಅದರ ದೆಸೆಯಿಂದಲೇ ಅವರ ಹವ್ಯಾಸ ಕಾನೂನಿನ ಒಳಗೆ ಉಳಿದಿದೆ.

ನಮ್ಮಲ್ಲಿ ಹಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ತಯಾರಕನು ತನ್ನ ಮಾದರಿ ವಾಹನವನ್ನು ಪುಣೆಯ ಎಆರ್‌ಎಐ ಮೊದಲಾದ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಸಾವಿರಾರು ವಾಹನ ಮಾರುವ ಕಂಪನಿಗೆ ಆ ವೆಚ್ಚ ಹೊರೆಯಲ್ಲ. ಒಂದೇ ಒಂದು ಕಾರು ಕಟ್ಟುವ ತರುಣನಿಗೆ ಅದು ಮುಚ್ಚಿದ ಬಾಗಿಲು. ಇರುವ ವಾಹನವನ್ನು ಬದಲಾಯಿಸೋಣವೆಂದರೆ ಕಾಯಿದೆಯ 52ನೆಯ ಕಲಮು ಅಡ್ಡ ಬರುತ್ತದೆ: ನೋಂದಣಿ ಪತ್ರದ ವಿವರಗಳು ತಯಾರಕನು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಒಡೆಯನು ವಾಹನವನ್ನು ಮಾರ್ಪಡಿಸಕೂಡದು. ಈ ಮಾತಿನ ವ್ಯಾಪ್ತಿಯನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಮಾನಿಸಿದ್ದು ಕೇರಳದಿಂದಲೇ ಹೋದ, ಕೆ. ಜಯಚಂದ್ರ ಪ್ರತಿವಾದಿಯಾಗಿದ್ದ ಪ್ರಕರಣದಲ್ಲಿ. ಮಾರ್ಪಾಡಿಗೆ ಸಡಿಲ ಕೊಟ್ಟಿದ್ದ ಕೇರಳ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ತಯಾರಕನ ವಿವರಣೆಯೇ ಎಲ್ಲೆ ಎಂದು ಅದು ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ವಿಕಲಚೇತನರಿಗೆ ಅನುಕೂಲವಾಗುವಂತೆ ವಾಹನವನ್ನು ಹೊಂದಿಸಿಕೊಳ್ಳಲು ಕಾಯಿದೆ ಅವಕಾಶವಿಟ್ಟಿದೆ. ತಮ್ಮನ ಬೈಕಿಗೆ ಅಣ್ಣ ಹೊಸ ರೂಪ ಕೊಡಲು ಹೊರಟಾಗ ಮನೆಯ ಹಿರಿಯರಿಗೆ ಇಷ್ಟು ಗೊತ್ತಿರಬೇಕು. ಕಿಕ್ಕಿರಿದ ರಸ್ತೆಗಳ ದೇಶದಲ್ಲಿ ಈ ಬಿಗಿಗೆ ಕಾರಣವಿಲ್ಲವೆಂದಲ್ಲ. ಆದರೆ ಪರೀಕ್ಷಿಸಿ ಒಪ್ಪುವ ಮಾರ್ಗವನ್ನೇ ಇಡದೆ ನಿಷೇಧಿಸುವುದು, ಈಜು ಕಲಿಸದೆ ಹೊಳೆಗೆ ಬೇಲಿ ಹಾಕಿದಂತೆ.

ಕಾಯಿದೆಯೊಳಗೇ ಒಂದು ಕಿಂಡಿಯಿದೆ. 39ನೆಯ ಕಲಮು ನೋಂದಣಿಯನ್ನು ಕೇಳುವುದು ಸಾರ್ವಜನಿಕ ಸ್ಥಳದಲ್ಲಿ ಓಡಿಸುವ ವಾಹನಕ್ಕೆ. ಪಂದ್ಯಗಳ ಆವೃತ ಪಥಕ್ಕಾಗಿ ಕಟ್ಟಿದ ಕಾರಿಗೆ ಆ ತೊಡಕಿಲ್ಲ. ನೀಲಗಿರಿ, ತಾಳವಾಡಿಯ ಕನ್ನಡಿಗರಿಗೆ ಸಮೀಪದ ಕೊಯಮತ್ತೂರಿನಲ್ಲಿ ಈ ಕಿಂಡಿಯಿಂದ ಬೆಳಕು ಕಂಡವರು ಎಸ್. ಕರಿವರ್ಧನ್. ವಿದೇಶಿ ರೇಸ್ ಕಾರುಗಳು ಕೈಗೆಟುಕದ 1980ರ ದಶಕದಲ್ಲಿ ಅವರು ಮಾರುತಿ 800ರ ಎಂಜಿನ್ ಬಳಸಿ ಒಬ್ಬನೇ ಕೂರುವ ಅಗ್ಗದ ರೇಸ್ ಕಾರುಗಳನ್ನು ಕಟ್ಟಿಸಿದರು; ‘ಫಾರ್ಮುಲಾ ಮಾರುತಿ’ ಪಂದ್ಯಗಳು ಆ ಕಾರುಗಳಿಂದ ಬೆಳೆದವು. ವೇಗದ ಕಾರು ತರಿಸಲಾಗದಿದ್ದರೆ ಇರುವ ಎಂಜಿನ್ನಿಗೇ ಹಗುರ ಮೈ ಕಟ್ಟಬೇಕೆಂಬ ಚಾಪ್‌ಮನ್‌ನ ಲೆಕ್ಕ ಇಲ್ಲಿಯೂ ನಡೆಯಿತು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಕೊಯಮತ್ತೂರಿನ ‘ಕರಿ ಮೋಟಾರ್ ಸ್ಪೀಡ್‌ವೇ’ ಅವರ ನೆನಪಿನ ಪಥ.

ಅದೇ ಪಥದಲ್ಲಿ ಈಚಿನ ವರ್ಷಗಳಲ್ಲಿ ‘ಫಾರ್ಮುಲಾ ಭಾರತ್’ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಸ್ಪರ್ಧೆ ನಡೆಯುತ್ತ ಬಂದಿದೆ. ತಂಡಗಳು ತಾವೇ ವಿನ್ಯಾಸಗೊಳಿಸಿ ಕಟ್ಟಿದ ಕಾರನ್ನು ತರಬೇಕು. ಒಟ್ಟು 1,000 ಅಂಕಗಳಲ್ಲಿ 325 ಅಂಕಗಳು ಕಾರು ಒಂದಡಿಯೂ ಚಲಿಸದೆ ಬರುವಂಥವು: ವಿನ್ಯಾಸದ ಸಮರ್ಥನೆಗೆ, ವೆಚ್ಚದ ಲೆಕ್ಕಕ್ಕೆ, ವ್ಯವಹಾರ ಯೋಜನೆಗೆ. ಪಥಕ್ಕಿಳಿಯುವ ಮುನ್ನ ಕಾರನ್ನು ಚಾಲಕನ ಸಹಿತ ಮೇಜಿನ ಮೇಲೇರಿಸಿ 60 ಡಿಗ್ರಿಯವರೆಗೆ ವಾಲಿಸುತ್ತಾರೆ; ಚಕ್ರ ಮೇಲೇಳಬಾರದು, ಎಣ್ಣೆಯ ಒಂದು ಹನಿಯೂ ಸೋರಬಾರದು. ಬಳಿಕ ಬ್ರೇಕಿನ ಪರೀಕ್ಷೆ; ನಾಲ್ಕೂ ಚಕ್ರಗಳು ಒಟ್ಟಿಗೆ ಕಚ್ಚಿ ನಿಲ್ಲಬೇಕು. ಆ ನಡುವೆ ತೀರ್ಪುಗಾರರು ಕಾರಿನ ಸುತ್ತ ನಡೆದು, ಯಾವುದೋ ಒಂದು ಕೊಳವೆಯ ಮೇಲೆ ಬೆರಳಿಟ್ಟು, ಇದು ಇಷ್ಟೇ ದಪ್ಪ ಏಕೆ, ಇಲ್ಲೇ ಏಕೆ ಎಂದು ಕೇಳುತ್ತಾರೆ. ಕಟ್ಟಿದವರು ಉತ್ತರಿಸುತ್ತಾರೆ.